ಡೆರಿಯ ಜೋಕರ್ ಸತ್ತಿದ್ದು ಹೇಗೆ?

1998ರಲ್ಲಿ ಝೀ ಟಿವಿಯಲ್ಲಿ ‘ವೋ’ ಅಂತ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು, ನೆನಪಿದೆಯೇ? ಅದರಲ್ಲಿ ನಟ ಲಿಲಿಪುಟ್ ಜೋಕರ್ ವೇಷದ ಪಿಶಾಚಿ. ಆ ಕಥೆಯ ಬೇರು ಇರುವುದು ಅಮೆರಿಕದಲ್ಲಿ. ಸ್ಟೀಫನ್ ಕಿಂಗ್ 1986ರಲ್ಲಿ ಪ್ರಕಟಿಸಿದ ‘ಇಟ್’ ಎಂಬ ಸಾವಿರಕ್ಕೂ ಹೆಚ್ಚು ಪುಟಗಳ ಕಾದಂಬರಿಯೇ ಅದಕ್ಕೆ ಮೂಲ.

ಕಥೆ ನಡೆಯುವುದು ಮೇನ್ ರಾಜ್ಯದ ಡೆರಿ ಎಂಬ ಕಾಲ್ಪನಿಕ ಊರಿನಲ್ಲಿ. ಪೆನ್ನಿವೈಸ್ ಎಂಬ ಜೋಕರ್ ಸುಮಾರು 27 ವರ್ಷಕ್ಕೊಮ್ಮೆ ಎದ್ದು ಮಕ್ಕಳನ್ನು ತಿನ್ನುತ್ತದೆ. ಯಾರು ಯಾವುದಕ್ಕೆ ಹೆದರುತ್ತಾರೋ ಅದೇ ರೂಪ ತಾಳುತ್ತದೆ. ದೊಡ್ಡವರು ಕಂಡೂ ಕಾಣದಂತೆ ಇರುತ್ತಾರೆ. ಇದು ಬರೀ ಕಲ್ಪನೆಯಲ್ಲ. ಕಿಂಗ್ ವಾಸವಿದ್ದ ಬ್ಯಾಂಗರ್ ಪಟ್ಟಣವೇ ಡೆರಿಗೆ ಮಾದರಿ. 1984ರ ಜುಲೈನಲ್ಲಿ ಅಲ್ಲಿ ಚಾರ್ಲಿ ಹಾವರ್ಡ್ ಎಂಬ ಸಲಿಂಗಿ ಯುವಕನನ್ನು ಮೂವರು ಹುಡುಗರು ಸೇತುವೆಯಿಂದ ಹೊಳೆಗೆ ಎಸೆದು ಕೊಂದರು. ಕಾದಂಬರಿಯ ಆರಂಭದಲ್ಲೇ ಹೆಸರು ಬದಲಿಸಿದ ಅದೇ ಘಟನೆ ಇದೆ. ಸೇತುವೆಯ ಕೆಳಗೆ ಕಾಯುತ್ತಿರುವುದು ಮಾತ್ರ ಜೋಕರ್!

1958ರಲ್ಲಿ ಏಳು ಮಕ್ಕಳು ಅದನ್ನು ಎದುರಿಸುತ್ತಾರೆ. ಆಯುಧಗಳನ್ನು ನೋಡಿ: ಬೆಳ್ಳಿ ನಾಣ್ಯ ಕರಗಿಸಿ ಮಾಡಿದ ಗುಂಡು, ಹೊಡೆಯಲು ಒಂದು ಕವಣೆ. ಎಡ್ಡಿ ಎಂಬ ಹುಡುಗ ತನ್ನ ಉಬ್ಬಸದ ಪಂಪನ್ನೇ ಅದರ ಕಣ್ಣಿಗೆ ಹೊಡೆದು ‘ಇದು ಆಸಿಡ್’ ಅನ್ನುತ್ತಾನೆ. ಅದರಲ್ಲಿ ಇದ್ದದ್ದು ಕರ್ಪೂರದ ರುಚಿಯ ನೀರು. ಆದರೂ ಸುಡುತ್ತದೆ! ಭಯವನ್ನು ನಂಬಿಸಿ ಬದುಕುವ ಪ್ರಾಣಿಗೆ ಮಕ್ಕಳ ನಂಬಿಕೆಯೂ ತಾಗಲೇಬೇಕಲ್ಲ?

ಅದು ಸಾಯುವುದಿಲ್ಲ, ಓಡಿಹೋಗುತ್ತದೆ. ಮುಂದೆ ಆರು ಜನ ಊರು ಬಿಟ್ಟು ಹಣ, ಹೆಸರು ಎಲ್ಲ ಮಾಡುತ್ತಾರೆ, ಡೆರಿಯನ್ನು ಪೂರ್ತಿ ಮರೆಯುತ್ತಾರೆ. ಊರಲ್ಲೇ ಉಳಿದವನು ಮೈಕ್ ಹ್ಯಾನ್ಲನ್. ಚಿಕ್ಕ ಸಂಬಳದ ಲೈಬ್ರೇರಿಯನ್. ಹಳೆಯ ಪತ್ರಿಕೆ ತೆಗೆದು, ಮುದುಕರನ್ನು ಕೇಳಿ, ಊರಿನ ಹತ್ಯೆಗಳ ಚರಿತ್ರೆ ಬರೆದಿಡುವವನು ಅವನೇ. 1985ರಲ್ಲಿ ಎಲ್ಲರಿಗೂ ಫೋನ್ ಮಾಡುವವನೂ ಅವನೇ. ಒಬ್ಬ ಆ ಕರೆ ಬಂದ ರಾತ್ರಿಯೇ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಮೈಕ್ ಗಾಯಗೊಂಡು ಆಸ್ಪತ್ರೆ ಸೇರುತ್ತಾನೆ. ಉಳಿದ ಐವರು ಚರಂಡಿಗೆ ಇಳಿಯುತ್ತಾರೆ. ಎಡ್ಡಿ ಮತ್ತೆ ಅದೇ ಪಂಪ್ ಹಿಡಿದು ಹೋರಾಡಿ ಸಾಯುತ್ತಾನೆ. ಜೇಡದ ರೂಪದಲ್ಲಿದ್ದ ಅದರ ಹೃದಯವನ್ನು ಬಿಲ್ ಕೈಯಿಂದಲೇ ಹಿಸುಕುತ್ತಾನೆ.

ತೆರೆಯ ಮೇಲೆ ಈ ಸಾವು ಸ್ವಲ್ಪ ಬದಲಾಯಿತು. 1990ರ ಅಮೆರಿಕನ್ ಟಿವಿ ರೂಪದಲ್ಲಿ ಟಿಮ್ ಕರಿ ಜೋಕರ್ ಆಗಿದ್ದ. ಕೊನೆಗೆ ಅಲ್ಲೂ ಜೇಡವೇ. 2019ರ ಸಿನಿಮಾದಲ್ಲಿ ಗೆಳೆಯರು ‘ನೀನು ಬರೀ ಜೋಕರ್’ ಅಂತ ಹೀಯಾಳಿಸಿ ಅದನ್ನು ಕುಗ್ಗಿಸಿ ಕೊಲ್ಲುತ್ತಾರೆ. ಆಮೇಲೆ ಎಲ್ಲವೂ ಅವರಿಗೆ ನೆನಪಿರುತ್ತದೆ.

ಕಾದಂಬರಿ ಇಷ್ಟು ದಯೆ ತೋರುವುದಿಲ್ಲ. ಗೆದ್ದ ಮೇಲೆ ಎಲ್ಲರೂ ಮತ್ತೆ ಮರೆಯುತ್ತಾರೆ. ಮೈಕ್‌ನ ವಿಳಾಸದ ಪುಸ್ತಕದಲ್ಲಿ ಬರೆದ ಹೆಸರುಗಳೂ ಮಾಸಿಹೋಗುತ್ತವೆ. ನನಗೆ ಜೋಕರ್‌ನ ಹಲ್ಲಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಈ ಭಾಗ.

ಹೊಟ್ಟೆಪಾಡಿಗೆ ಊರು ಬಿಟ್ಟ ನಾವೆಲ್ಲ ಆ ಆರು ಜನರ ಸಾಲಿನವರೇ ತಾನೇ? ನಮ್ಮ ಊರುಗಳಲ್ಲೂ ಒಬ್ಬ ಮೈಕ್ ಇದ್ದಾನೆ, ಶಾಲೆಯಲ್ಲೋ ಲೈಬ್ರರಿಯಲ್ಲೋ. ಅವನು ಫೋನ್ ಮಾಡಿದಾಗ ‘ಮೀಟಿಂಗ್‌ನಲ್ಲಿದ್ದೇನೆ, ಆಮೇಲೆ ಮಾತಾಡೋಣ’ ಅನ್ನಬೇಡಿ.