ಒಳರಸ್ತೆಗೆ ತಡೆ ಹಾಕಿದ ಚರಿತ್ರೆ

ಮುಖ್ಯರಸ್ತೆಯಲ್ಲಿ ವಾಹನಗಳು ಕಿಕ್ಕಿರಿದಾಗ ಪಕ್ಕದ ಬಡಾವಣೆಯ ಅಡ್ಡರಸ್ತೆಗೆ ಹೊರಳಿ, ಸಿಗ್ನಲ್ ತಪ್ಪಿಸಿಕೊಂಡು, ಆಚೆ ಬದಿಯ ಮುಖ್ಯರಸ್ತೆಗೆ ಸೇರಿಕೊಳ್ಳುವುದು ಬಹುಮಟ್ಟಿಗೆ ಕಾರಿನಷ್ಟೇ ಹಳೆಯ ಅಭ್ಯಾಸ. ಹೀಗೆ ಹಾದುಹೋಗುವವರಿಗೆ ಆ ಬಡಾವಣೆಯಲ್ಲಿ ಯಾವ ಕೆಲಸವೂ ಇರುವುದಿಲ್ಲ. ಎರಡು ಮೂರು ನಿಮಿಷ ಉಳಿಯುವುದೇ ಅವರಿಗಾಗುವ ಲಾಭ. ಹೊಗೆ, ಹಾರ್ನಿನ ಸದ್ದು, ಗೇಟಿನಾಚೆ ಮಕ್ಕಳನ್ನು ಬಿಡಲಾಗದ ಭಯ ಅಲ್ಲಿ ವಾಸಿಸುವವರ ಪಾಲಿಗೆ. ಈ ಓಡಾಟವನ್ನು ತಡೆಯುವ ಪ್ರಯತ್ನಕ್ಕೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ಹೊಸ ಬಡಾವಣೆ ಕಟ್ಟುವವರಿಗೆ ಅದು ನಕ್ಷೆ ಬರೆಯುವ ಕೆಲಸವಷ್ಟೇ ಆಗಿತ್ತು. ಆಗಲೇ ಕಟ್ಟಿ ಜನ ತುಂಬಿದ್ದ ಊರುಗಳಲ್ಲಿ ಅದು ನ್ಯಾಯದ ಪ್ರಶ್ನೆಯಾಯಿತು. ಒಂದು ಬೀದಿಯನ್ನು ಮುಚ್ಚಿದರೆ ವಾಹನಗಳು ಪಕ್ಕದ ಬೀದಿಯನ್ನು ಹುಡುಕಿಕೊಳ್ಳುತ್ತವೆ.

ಸಮಸ್ಯೆ ಮೊದಲು ಕಣ್ಣಿಗೆ ರಾಚಿದ್ದು 1920ರ ದಶಕದ ಅಮೆರಿಕದಲ್ಲಿ. ಅಲ್ಲಿನ ಬಹುಪಾಲು ನಗರಗಳು ಚೌಕಳಿ ಮಾದರಿಯವು. ರಸ್ತೆಗಳೆಲ್ಲ ನೇರವಾಗಿದ್ದವು, ಎರಡೂ ತುದಿ ತೆರೆದಿದ್ದವು. ಕುದುರೆಗಾಡಿಯ ಕಾಲಕ್ಕೆ ಇದು ಹೊಂದುತ್ತಿತ್ತು. ಕಾರು ಬಂದ ಮೇಲೆ ಯಾವ ಬೀದಿ ಬೇಕಾದರೂ ಹೆದ್ದಾರಿಯಾಗುವಂತಾಯಿತು, ಬೀದಿಯಲ್ಲಿ ಆಡುವ ಮಕ್ಕಳು ಚಕ್ರದಡಿ ಸಿಕ್ಕಿ ಸಾಯುವುದು ನಗರಗಳ ನಿತ್ಯದ ಸುದ್ದಿಯಾಯಿತು. ಕ್ಲಾರೆನ್ಸ್ ಪೆರ್ರಿ 1929ರಲ್ಲಿ ನ್ಯೂಯಾರ್ಕ್ ಪ್ರದೇಶದ ಯೋಜನಾ ವರದಿಯೊಂದರಲ್ಲಿ ಮಂಡಿಸಿದ 'ನೆರೆಹೊರೆ ಘಟಕ' ಈ ಆತಂಕಕ್ಕೆ ಕೊಟ್ಟ ಉತ್ತರ. ಒಂದು ಪ್ರಾಥಮಿಕ ಶಾಲೆಗೆ ಸಾಕಾಗುವಷ್ಟು ಮನೆಗಳು, ಸುಮಾರು 160 ಎಕರೆ ಜಾಗ, ಸುತ್ತ ನಾಲ್ಕೂ ಕಡೆ ದೊಡ್ಡ ರಸ್ತೆ. ಹೊರಗಿನ ವಾಹನಗಳು ಆ ದೊಡ್ಡ ರಸ್ತೆಗಳಲ್ಲೇ ಸಾಗಬೇಕು. ಒಳಗಿನ ಬೀದಿಗಳು ಅಗಲ ಕಡಿಮೆಯಾಗಿ, ಬಳಸಿಕೊಂಡು ಹೋಗುವಂತಿದ್ದರೆ ಅಲ್ಲಿ ನುಗ್ಗಿ ಯಾರಿಗೂ ಸಮಯ ಉಳಿಯುವುದಿಲ್ಲ. ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದುಹೋಗಬೇಕು ಎಂಬುದು ಪೆರ್ರಿಯವರ ಮೊದಲ ಷರತ್ತು.

ಅದೇ ವರ್ಷ ನ್ಯೂಜೆರ್ಸಿಯ ರಾಡ್‌ಬರ್ನ್‌ಗೆ ಮೊದಲ ನಿವಾಸಿಗಳು ಬಂದರು. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ರೂಪಿಸಿದ ಈ ಪಟ್ಟಣದಲ್ಲಿ ಮನೆಗಳು ಮೊಂಡು ಬೀದಿಗಳ ಸುತ್ತ ನಿಂತಿದ್ದವು. ಬೀದಿಯ ಕೊನೆಯಲ್ಲಿ ಮುಂದಕ್ಕೆ ದಾರಿಯೇ ಇಲ್ಲದಿದ್ದುದರಿಂದ ಹಾದುಹೋಗುವ ಮಾತೇ ಇರಲಿಲ್ಲ. ಮನೆಗಳ ಇನ್ನೊಂದು ಬದಿಗೆ ಹಸಿರು ಬಯಲು, ಕಾಲುದಾರಿ, ರಸ್ತೆಯ ಅಡಿಯಿಂದ ನಡೆದು ದಾಟಲು ಸುರಂಗ. 25,000 ಜನಕ್ಕೆಂದು ಹಾಕಿದ ನಕ್ಷೆಯಲ್ಲಿ, ಆರ್ಥಿಕ ಮಹಾಕುಸಿತದಿಂದಾಗಿ, ಸಣ್ಣ ಭಾಗವಷ್ಟೇ ಕಟ್ಟಲಾಯಿತು. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ವಸತಿ ಸಾಲದ ಇಲಾಖೆ ಚೌಕಳಿ ಬೀದಿಗಳ ಬದಲು ಬಾಗಿದ ಬೀದಿಗಳನ್ನೂ ಮೊಂಡು ಬೀದಿಗಳನ್ನೂ ಶಿಫಾರಸು ಮಾಡಿದ್ದರಿಂದ ಈ ಮಾದರಿ ಯುದ್ಧಾನಂತರದ ಉಪನಗರಗಳಲ್ಲಿ ಹಬ್ಬಿತು. ಬಿಲ್ಡರುಗಳು ಮೊಂಡು ಬೀದಿಯನ್ನು ಮಾತ್ರ ಉಳಿಸಿಕೊಂಡು ಕಾಲುದಾರಿಯನ್ನೂ ಸುರಂಗವನ್ನೂ ಕೈಬಿಟ್ಟರು. ಬೀದಿ ಶಾಂತವಾಯಿತು, ಆದರೆ ಹಾಲಿನ ಅಂಗಡಿಗೂ ಕಾರು ತೆಗೆಯಬೇಕಾಯಿತು. ರಾಡ್‌ಬರ್ನ್‌ನ ಮೌಲ್ಯವಿದ್ದದ್ದು ವಾಹನಕ್ಕೆ ಮುಚ್ಚಿ ಕಾಲ್ನಡಿಗೆಗೆ ತೆರೆದಿಡುವುದರಲ್ಲಿ. ಅದರ ಅರ್ಧ ಮಾತ್ರ ಆಚರಣೆಗೆ ಬಂತು.

ನೆರೆಹೊರೆ ಘಟಕ ಭಾರತಕ್ಕೆ ಬಂದ ದಾರಿಯಲ್ಲಿ ಮೈಸೂರಿನ ನಂಟಿದೆ. ಬರ್ಲಿನ್‌ನಲ್ಲಿ ಹುಟ್ಟಿದ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದವರು. 1940ರ ದಶಕದಲ್ಲಿ ಜಮ್‌ಶೆಡ್‌ಪುರ ಮತ್ತು ಭುವನೇಶ್ವರದ ನಕ್ಷೆಗಳಲ್ಲಿ ಅವರು ಈ ತತ್ತ್ವವನ್ನು ಅಳವಡಿಸಿದರು. ಚಂಡೀಗಢದಲ್ಲಿ ಲ ಕಾರ್ಬೂಸಿಯೆ 1951ರಿಂದ ರೂಪಿಸಿದ ಸೆಕ್ಟರುಗಳೂ ಇದೇ ಜಾಡಿನವು. ಸುಮಾರು 800 ಮೀಟರ್ ಅಗಲ, 1,200 ಮೀಟರ್ ಉದ್ದದ ಪ್ರತಿ ಸೆಕ್ಟರಿನ ಅಂಚಿನಲ್ಲಿ ವೇಗದ ರಸ್ತೆಗಳಿವೆ. ಮನೆಗಳ ಬಾಗಿಲು ಅವುಗಳಿಗೆ ತೆರೆದುಕೊಳ್ಳುವುದಿಲ್ಲ.

ಹಳೆಯ ಊರುಗಳ ಪಾಡು ಬೇರೆ. ಲಂಡನ್ ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿ ಆಲ್ಕರ್ ಟ್ರಿಪ್ 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇರುವ ರಸ್ತೆಗಳನ್ನೇ ದರ್ಜೆವಾರು ವಿಂಗಡಿಸಿ ಒಳಬೀದಿಗಳ ಬಾಯಿ ಮುಚ್ಚುವ ಸಲಹೆ ಕೊಟ್ಟರು. ಕಾಲಿನ್ ಬುಕ್ಯಾನನ್ ನೇತೃತ್ವದಲ್ಲಿ ಸಿದ್ಧವಾಗಿ, ಬ್ರಿಟಿಷ್ ಸರ್ಕಾರ 1963ರಲ್ಲಿ ಪ್ರಕಟಿಸಿದ 'ಟ್ರಾಫಿಕ್ ಇನ್ ಟೌನ್ಸ್' ವರದಿ ಇದನ್ನು ಮುಂದುವರಿಸಿತು. ಕಟ್ಟಡದಲ್ಲಿ ಕೋಣೆಗಳೂ ಅವುಗಳ ನಡುವೆ ಓಡಾಟದ ಹಾದಿಯೂ ಬೇರೆ ಬೇರೆ ಇರುವಂತೆ ಊರಿನಲ್ಲೂ ಇರಬೇಕು ಎಂಬುದು ಅದರ ಹೋಲಿಕೆ. ಒಂದು ಬೀದಿ ವಾಸಯೋಗ್ಯವಾಗಿ ಉಳಿಯಬೇಕಾದರೆ ಅದು ತಾಳಿಕೊಳ್ಳಬಲ್ಲ ವಾಹನಗಳಿಗೆ ಮಿತಿಯಿದೆ, ಆ ಮಿತಿ ರಸ್ತೆಯಲ್ಲಿ ಎಷ್ಟು ವಾಹನ ಹಿಡಿಸುತ್ತದೆ ಎಂಬುದಕ್ಕಿಂತ ಬಹಳ ಕಡಿಮೆ ಎಂದು ವರದಿ ಹೇಳಿತು. ಅಲ್ಲಿಯವರೆಗೆ ಎಂಜಿನಿಯರುಗಳು ಎಣಿಸುತ್ತಿದ್ದುದು ರಸ್ತೆಯ ಸಾಮರ್ಥ್ಯವನ್ನು ಮಾತ್ರ. ಬೀದಿಯ ಸಹನೆಗೂ ಲೆಕ್ಕ ಬೇಕೆಂದು ಸರ್ಕಾರದ ದಾಖಲೆಯೊಂದು ಹೇಳಿದ್ದು ದೊಡ್ಡ ತಿರುವು. ಆದರೆ ಲಂಡನ್ನಿನ ಬಾರ್ನ್ಸ್‌ಬರಿಯಲ್ಲಿ 1970ರ ಆಸುಪಾಸಿನಲ್ಲಿ ಈ ವಿಚಾರವನ್ನು ಜಾರಿಗೆ ತಂದಾಗ ಕಹಿ ಎದ್ದಿತು. ಚೌಕಗಳ ಸುತ್ತಲ ಮನೆಗಳನ್ನು ಕೊಂಡು ದುರಸ್ತಿ ಮಾಡಿಸಿಕೊಂಡಿದ್ದ ಉಳ್ಳವರ ಬೀದಿಗಳು ತಣ್ಣಗಾದವು. ಅಂಚಿನ ರಸ್ತೆಗಳಲ್ಲಿದ್ದ ಬಾಡಿಗೆದಾರ ಕಾರ್ಮಿಕ ಕುಟುಂಬಗಳು ಹೊರೆ ತಮ್ಮ ಮೇಲೆ ಬಿತ್ತೆಂದು ಪ್ರತಿಭಟಿಸಿದವು. ಮುಂದೆ ಎಲ್ಲೆಡೆ ಕೇಳಿಬಂದ ತಕರಾರಿನ ಮೂಲ ಇಲ್ಲಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ನೆದರ್ಲೆಂಡ್ಸ್ ಹಿಡಿದ ದಾರಿ ಬೇರೆ. ಡೆಲ್ಫ್ಟ್ ಪಟ್ಟಣದಲ್ಲಿ 1960ರ ದಶಕದ ಕೊನೆಗೆ ಪ್ರಾಧ್ಯಾಪಕ ನೀಕ್ ಡಿ ಬೂರ್ ಅವರ ಚಿಂತನೆ, ಪುರಸಭೆಯ ಎಂಜಿನಿಯರ್ ಯೋಸ್ಟ್ ವಾಲ್ ಅವರ ಪ್ರಯೋಗ ಎರಡೂ ಸೇರಿ 'ವೋನರ್ಫ್' ರೂಪುಗೊಂಡಿತು. ಅಲ್ಲಿ ಬೀದಿಯನ್ನು ಮುಚ್ಚಲಿಲ್ಲ, ಬೀದಿಯ ಸ್ವರೂಪವನ್ನೇ ಬದಲಿಸಿದರು. ಫುಟ್‌ಪಾತಿನ ಅಂಚುಕಲ್ಲು ಕಿತ್ತು ಗೋಡೆಯಿಂದ ಗೋಡೆಯವರೆಗೆ ಒಂದೇ ಮಟ್ಟದಲ್ಲಿ ಇಟ್ಟಿಗೆ ಹಾಸಿದರು. ಕಾರು ನಿಲ್ಲಿಸುವ ಜಾಗಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಗುರುತಿಸಿದರು. ನಡುನಡುವೆ ಮರ, ಬೆಂಚು, ಹೂವಿನ ತೊಟ್ಟಿ ಇಟ್ಟರು. ಓಡಿಸುವವನ ಕಣ್ಣೆದುರು ನೇರ ದಾರಿಯೇ ಕಾಣದಿದ್ದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಇದಕ್ಕೆ ಜನರ ಒತ್ತಡವೂ ಇತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ ಬರೆದ ಲೇಖನದಿಂದ ಹುಟ್ಟಿದ 'ಮಕ್ಕಳ ಕೊಲೆ ನಿಲ್ಲಿಸಿ' ಚಳವಳಿ ಬೀದಿಗಿಳಿಯಿತು. 1976ರಲ್ಲಿ ವೋನರ್ಫ್‌ಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಬೀದಿಯ ಪೂರ್ತಿ ಅಗಲ ನಡೆಯುವವರದು, ಮಕ್ಕಳು ಅಲ್ಲಿ ಆಡಬಹುದು, ವಾಹನ ನಡಿಗೆಯ ವೇಗದಲ್ಲಿ ಸಾಗಬೇಕು. ಮಗುವಿನ ಆಟಕ್ಕೆ ಬೀದಿಯಲ್ಲಿ ಹಕ್ಕಿದೆಯೆಂದು ಬರೆದುಕೊಟ್ಟ ಆ ಕಾನೂನು ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಉದಾರವಾದದ್ದು. ಇಂಥ ಬೀದಿಗೆ ಖರ್ಚು ಜಾಸ್ತಿ. ಹಾಗಾಗಿ 1983ರಿಂದ ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳು ಅಗ್ಗದ ಪರ್ಯಾಯವಾಗಿ ಬಂದವು.

ಅಗ್ಗದ ಇನ್ನೊಂದು ಸಾಧನ ಹಂಪ್ಸ್. ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ಜಿ. ಆರ್. ವಾಟ್ಸ್ 1973ರಲ್ಲಿ ಬೇರೆ ಬೇರೆ ಆಕಾರಗಳ ಮೇಲೆ ವಾಹನ ಓಡಿಸಿ ನೋಡಿ, ಸುಮಾರು 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರದ ದುಂಡು ಬೆನ್ನಿನ ಉಬ್ಬನ್ನು ಸೂಚಿಸಿದರು. ನಿಧಾನ ಬರುವವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಜೋರಾಗಿ ಬಂದವರನ್ನು ಕುಲುಕುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಅದೇ ಅಳತೆಯಿದೆ. ಕರ್ನಾಟಕದ ಬೀದಿಗಳಲ್ಲಿ ಟಾರು ಸುರಿದು ಎಬ್ಬಿಸುವ ಗಿಡ್ಡ, ಕಡಿದಾದ ದಿಬ್ಬಗಳಿಗೂ ಈ ಅಳತೆಗೂ ಸಂಬಂಧವಿಲ್ಲ. ಅವು ನಿಧಾನ ಬರುವವರ ಸೊಂಟವನ್ನೂ ಮುರಿಯುತ್ತವೆ. ಅಲ್ಲದೆ ಹಂಪ್ಸ್ ವೇಗವನ್ನು ತಗ್ಗಿಸುತ್ತದೆಯೇ ಹೊರತು ಒಳದಾರಿ ಹಿಡಿಯುವವರನ್ನು ಪೂರ್ತಿ ತಡೆಯುವುದಿಲ್ಲ.

ಪೂರ್ತಿ ತಡೆಯಲು ಹೊರಟದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ. 1975ರಲ್ಲಿ ನಗರದುದ್ದಕ್ಕೂ ಜಾರಿಯಾದ ಯೋಜನೆಯಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಕಾಂಕ್ರೀಟ್ ಗೂಟಗಳನ್ನು ನೆಟ್ಟರು. ಕೂಡುರಸ್ತೆ ಎರಡು ತಿರುವುಗಳಾಗಿ ಸೀಳಿಹೋಯಿತು, ನೇರ ಹೋಗಲು ಬಂದವರು ಹೊರಳಲೇಬೇಕಾಯಿತು. ಸೈಕಲ್ಲಿಗೂ ನಡೆಯುವವರಿಗೂ ಸಂದು ಬಿಟ್ಟಿದ್ದರು. ಅಗ್ನಿಶಾಮಕ ವಾಹನಕ್ಕಾಗಿ ಕೆಲವೆಡೆ ಅಗಲದ ಸಂದು ಬಿಟ್ಟು, ನಡುವೆ ನೆಲದಿಂದ ಮೇಲೆದ್ದ ಲೋಹದ ತಡೆ ಇಟ್ಟರು. ಎತ್ತರದ ಲಾರಿ ಅದರ ಮೇಲೆ ಹಾದುಹೋಗುತ್ತದೆ, ತಗ್ಗಿನ ಕಾರು ನುಗ್ಗಿದರೆ ತಳ ಕೆರೆದುಕೊಳ್ಳುತ್ತದೆ. ಇವನ್ನು ತೆಗೆಸಬೇಕೆಂದವರು ಮತದಾನದಲ್ಲಿ ಸೋತು ಕೋರ್ಟಿಗೆ ಹೋದರು. ನಗರಸಭೆಗೆ ಹೀಗೆ ರಸ್ತೆ ಅಡ್ಡಗಟ್ಟುವ ಅಧಿಕಾರವಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ಕೊಟ್ಟಿತು. ಶಾಸನಸಭೆ ಕಾನೂನು ತಿದ್ದಿತು, ಗೂಟಗಳು ಉಳಿದವು.

ಬರ್ಕ್ಲಿಯಲ್ಲೇ ಪಾಠ ಹೇಳುತ್ತಿದ್ದ ಡೊನಾಲ್ಡ್ ಆಪಲ್ಯಾರ್ಡ್ ಮನೆಗಳಿರುವ ಬೀದಿಯಲ್ಲಿ ವಾಹನ ತಗ್ಗಿಸಬೇಕೆಂಬ ವಾದಕ್ಕೆ ಗಟ್ಟಿ ಆಧಾರ ಒದಗಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ತರಹದ ಮೂರು ಬೀದಿಗಳನ್ನು ಅವರು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಜನ ಸ್ನೇಹಿತರಿದ್ದರು. 16,000 ವಾಹನದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಶಾಂತ ಬೀದಿಯವರು 'ನಮ್ಮ ಜಾಗ' ಎಂದು ಬೀದಿಯನ್ನೆಲ್ಲ ಗುರುತು ಮಾಡಿದರೆ, ಗದ್ದಲದ ಬೀದಿಯವರ ಗುರುತು ತಮ್ಮ ಕಟ್ಟಡದಿಂದಾಚೆ ಹೋಗಲಿಲ್ಲ. ಈ ಅಧ್ಯಯನವನ್ನು ಒಳಗೊಂಡ ಅವರ ಪುಸ್ತಕ 1981ರಲ್ಲಿ ಬಂತು. ಮರುವರ್ಷ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರೊಂದು ಅವರ ಜೀವ ತೆಗೆಯಿತು.

ಮುಂದಿನ ಮೂರು ದಶಕ ಈ ಸಾಧನಗಳೇ ಊರಿಂದೂರಿಗೆ ಹರಡಿದವು. ಪರಿಸ್ಥಿತಿ ಬದಲಾದದ್ದು ಮೊಬೈಲ್ ನಕ್ಷೆಗಳಿಂದ. ಒಳದಾರಿಯ ಗುಟ್ಟು ಅಲ್ಲಿಯವರೆಗೆ ಸ್ಥಳೀಯರಿಗೂ ಟ್ಯಾಕ್ಸಿಯವರಿಗೂ ಮಾತ್ರ ತಿಳಿದಿತ್ತು. ವೇಜ್‌ನಂಥ ಆ್ಯಪ್‌ಗಳು ಅದನ್ನು ಪ್ರತಿಯೊಬ್ಬರ ಕೈಗಿಟ್ಟವು. ನ್ಯೂಯಾರ್ಕಿನ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬಳಿಯ ಲಿಯೋನಿಯಾ ಎಂಬ ಸಣ್ಣ ಪಟ್ಟಣ 2018ರ ಜನವರಿಯಲ್ಲಿ ಸುಮಾರು 60 ಬೀದಿಗಳನ್ನು ಬೆಳಿಗ್ಗೆ, ಸಂಜೆ ಹೊರಗಿನವರಿಗೆ ಮುಚ್ಚಿತು. ನಿವಾಸಿಗಳ ಕಾರಿಗೆ ಹಳದಿ ಚೀಟಿ, ಹೊರಗಿನವರು ಸಿಕ್ಕಿಬಿದ್ದರೆ 200 ಡಾಲರ್ ದಂಡ. ಅದೇ ವರ್ಷ ಆಗಸ್ಟ್‌ನಲ್ಲಿ ಕೋರ್ಟ್ ಆ ನಿಯಮವನ್ನು ರದ್ದುಮಾಡಿತು. ಬರ್ಕ್ಲಿಯ ಗೂಟ ಎಲ್ಲರನ್ನೂ ಸಮನಾಗಿ ತಡೆಯುತ್ತಿತ್ತು. ಲಿಯೋನಿಯಾದ ನಿಯಮ ಸಾರ್ವಜನಿಕ ರಸ್ತೆಯಲ್ಲಿ ಜನರನ್ನು ವಿಳಾಸ ನೋಡಿ ಬೇರೆ ಮಾಡುತ್ತಿತ್ತು.

ಲಂಡನ್ನಿನ ವಾಲ್ಥಮ್ ಫಾರೆಸ್ಟ್‌ನಲ್ಲಿ 2014ರ ಬಳಿಕ ಒಂದೊಂದು ಬೀದಿಯ ಬದಲು ಇಡೀ ಬಡಾವಣೆಯನ್ನು ಒಟ್ಟಿಗೆ ಯೋಜಿಸಿ ಗೂಟ, ಗಿಡದ ತೊಟ್ಟಿ ಇಡಲಾಯಿತು. ಪ್ರತಿ ಮನೆಗೂ ಕಾರಿನಲ್ಲಿ ತಲುಪಬಹುದು, ಬಡಾವಣೆಯನ್ನು ಸೀಳಿಕೊಂಡು ಆಚೆ ಹೋಗಲಾಗದು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಇಂಥ ಕಡಿಮೆ ಸಂಚಾರದ ಬಡಾವಣೆಗಳು ಲಂಡನ್ನಿನಾದ್ಯಂತ ಅವಸರದಲ್ಲಿ ಬಂದವು. ಜನರನ್ನು ಕೇಳದೆ ಹಾಕಿದ್ದಕ್ಕೆ ಸಿಟ್ಟು ಭುಗಿಲೆದ್ದಿತು, ಕೆಲವೆಡೆ ರಾತ್ರೋರಾತ್ರಿ ಗೂಟ ಕಿತ್ತರು. ಈಲಿಂಗ್‌ನಲ್ಲಿ ಸ್ಥಳೀಯ ಆಡಳಿತವೇ 2021ರಲ್ಲಿ ಹಲವು ಯೋಜನೆಗಳನ್ನು ಹಿಂತೆಗೆದುಕೊಂಡಿತು. ಬಾರ್ನ್ಸ್‌ಬರಿಯಲ್ಲಿ ಎದ್ದ ಪ್ರಶ್ನೆಗೆ ಎಣಿಕೆಯ ಉತ್ತರ ದೊರೆತದ್ದೂ ಆಗಲೇ. ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಆಡಳಿತ ವಿಭಾಗಗಳ 46 ಬಡಾವಣೆಗಳ ಲೆಕ್ಕ ಹಾಕಿ 2023ರಲ್ಲಿ ಪ್ರಕಟಿಸಿದ ಪ್ರಕಾರ ಒಳರಸ್ತೆಗಳಲ್ಲಿ ವಾಹನಗಳು ಸರಾಸರಿ ಅರ್ಧದ ಹತ್ತಿರ ಇಳಿದಿದ್ದವು, ಅಂಚಿನ ರಸ್ತೆಗಳಲ್ಲಿ ಸರಾಸರಿ ಬದಲಾವಣೆ ಶೇ. 1ಕ್ಕಿಂತ ಕಡಿಮೆ. ಸರಾಸರಿಯ ಹಿಂದೆ ಏರಿದ ರಸ್ತೆಗಳೂ ಇಳಿದ ರಸ್ತೆಗಳೂ ಇವೆ. ಹೊರೆ ಹೆಚ್ಚಿದ ಅಂಚಿನ ರಸ್ತೆಯಲ್ಲಿ ಮನೆಯಿದ್ದವರಿಗೆ ಈ ಅಂಕಿ ಸಮಾಧಾನ ತರುವುದಿಲ್ಲ. ಅಂಥ ರಸ್ತೆಗಳನ್ನು ಗೂಟ ನೆಡುವ ಮೊದಲೂ ನೆಟ್ಟ ಮೇಲೂ ಒಂದೊಂದಾಗಿ ಎಣಿಸಿ, ಹೊರೆ ಏರಿದಲ್ಲಿ ನಕ್ಷೆಯನ್ನು ತಿದ್ದುವುದು ಯೋಜಕರ ಹೊಣೆ.