ಎಡಕ್ಕೆ ಅಂದಿರಿ, ಎಡಕ್ಕೇ ಬಂದೆ

ಹಂಪಿ ಉತ್ಸವ ಬಂತೆಂದರೆ ನಮ್ಮ ಹೊಸಪೇಟೆಯವರಿಗೆ ಹೆಲಿಕಾಪ್ಟರ್ ಕೂಡ ಜಾತ್ರೆಯ ತೊಟ್ಟಿಲಿದ್ದ ಹಾಗೆ. ಕಮಲಾಪುರದ ಕಡೆಯಿಂದ ಏಳುತ್ತದೆ, ಬಂಡೆಗುಡ್ಡಗಳ ಮೇಲೆ ಒಂದು ಸುತ್ತು ಹೊಡೆಯುತ್ತದೆ, ಕಣ್ಣು ತುಂಬುವ ಮೊದಲೇ ಇಳಿಸಿಬಿಡುತ್ತದೆ. ಮೊಮ್ಮಗಳು ಮಾಳಿಗೆ ಮೇಲೆ ನಿಂತು ಕೈ ಬೀಸುತ್ತಾಳೆ. ನನ್ನ ಕಣ್ಣು ಮಾತ್ರ ತೋರಣಗಲ್ಲಿನ ಕಡೆ ಹೋಗುತ್ತದೆ. ಅಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ವಿದ್ಯಾನಗರದ ರನ್‌ವೇ ಇದೆ. 2017ರಲ್ಲಿ ಉಡಾನ್ ಯೋಜನೆಯ ಎಟಿಆರ್ ವಿಮಾನ ಅಲ್ಲಿಗೆ ಬರತೊಡಗಿದಾಗ ಊರೆಲ್ಲ ಟಿಕೆಟ್ ದರ ಕೇಳಿತು. ನಾನು ಯಾವ ಎತ್ತರದಲ್ಲಿ ಬರುತ್ತದೆ ಅಂತ ಕೇಳಿದೆ. ಆಕಾಶದಲ್ಲಿ ಒಂದು ಕಂಡರೆ ಇನ್ನೊಂದು ಎಲ್ಲಿದೆ ಅಂತ ಹುಡುಕುವುದು ಕಂಟ್ರೋಲ್ ಟವರಿನಲ್ಲಿ ಮೂವತ್ತು ವರ್ಷ ಕೂತವನ ಚಟ.

ಕಂಪ್ಲಿಯ ಹೊಳೆದಂಡೆಯ ಹುಡುಗ ನಾನು. ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದಾಗ ದಕ್ಷಿಣದ ಸಣ್ಣ ನಿಲ್ದಾಣಗಳಲ್ಲಿ ರಾಡಾರ್ ಇರಲಿಲ್ಲ. ಒಂದು ವಿಮಾನಕ್ಕೆ ಒಂದು ಕಾಗದದ ಪಟ್ಟಿ. ಅದಕ್ಕೆ ನಾವು ಸ್ಟ್ರಿಪ್ ಅನ್ನುತ್ತಿದ್ದೆವು. ಪ್ಲಾಸ್ಟಿಕ್ ಹಿಡಿಯಲ್ಲಿ ಸಿಕ್ಕಿಸಿ, ಎತ್ತರದ ಅಂಕಿ ಬದಲಾದಾಗಲೆಲ್ಲ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯಬೇಕು. ಪೂರ್ವಕ್ಕೆ ಹೋಗುವವರಿಗೆ ಬೆಸ ಸಾವಿರ, ಪಶ್ಚಿಮಕ್ಕೆ ಹೋಗುವವರಿಗೆ ಸಮ ಸಾವಿರ, ನಡುವೆ ಸಾವಿರ ಅಡಿ. ಎರಡು ಪಟ್ಟಿಗಳ ನಡುವೆ ಅನುಮಾನ ಬಂದರೆ ಒಂದನ್ನು ಸಾಲಿನಿಂದ ಓರೆಯಾಗಿ ಹೊರಗೆಳೆದಿಡುವುದು ರೂಢಿ. ಓರೆ ಪಟ್ಟಿ ಕಣ್ಣಿಗೆ ಚುಚ್ಚುತ್ತಿರಬೇಕು, ಅದು ನೆಟ್ಟಗಾಗುವವರೆಗೆ ಚಹಾ ಲೋಟ ಮುಟ್ಟುವಂತಿಲ್ಲ.

ಆಗ ನಾನಿದ್ದ ಊರಿನ ಹೆಸರು ಬೇಡ. ಅಲ್ಲೊಂದು ವಿಮಾನ ಕಲಿಸುವ ಶಾಲೆಯಿತ್ತು. ಒಂದು ಸಂಜೆ ಹುಡುಗನೊಬ್ಬ ಸೆಸ್ನಾ 152ರಲ್ಲಿ ಒಬ್ಬನೇ ಸುತ್ತುತ್ತಿದ್ದ. ಎಂಟು ಮೈಲಿ ದೂರದಲ್ಲಿ ಬೋಯಿಂಗ್ 737 ಇಳಿಯಲು ನೇರ ಬರುತ್ತಿತ್ತು. ಕೆರೆಯ ಮೇಲೆಯೇ ಎಡಕ್ಕೆ ಸುತ್ತು ಹೊಡೆಯುತ್ತಿರು ಅಂತ ಹುಡುಗನಿಗೆ ಹೇಳಿದೆ. ‘ರೋಜರ್’ ಅಂದ. ಹೇಳಿದ್ದನ್ನು ತಿರುಗಿಸಿ ಹೇಳಿಸಬೇಕಿತ್ತು, ಹೇಳಿಸಲಿಲ್ಲ. ರೋಜರ್ ಅಂದರೆ ಕೇಳಿಸಿತು ಅಂತಷ್ಟೇ. ಏನು ಕೇಳಿಸಿತು ಅನ್ನುವುದು ಅದರಲ್ಲಿಲ್ಲ.

ದುರ್ಬೀನು ಎತ್ತಿದರೆ ಕೆರೆಯ ಮೇಲೆ ಯಾರೂ ಇಲ್ಲ. ಅದನ್ನು ಮೆಲ್ಲಗೆ ರನ್‌ವೇ ನೇರಕ್ಕೆ ತಂದೆ. ಬೋಯಿಂಗಿನ ದೀಪ, ಅದರ ಕೆಳಗೆ ಬಿಳಿಯ ಚುಕ್ಕೆ. ಇಬ್ಬರೂ ಒಂದೇ ಗೆರೆಯಲ್ಲಿ. ಬೋಯಿಂಗಿನ ವೇಗ 140 ನಾಟ್, ಸೆಸ್ನಾದ್ದು ಅದರ ಅರ್ಧ. ಮೇಲಿನವನಿಗೆ ತನ್ನದೇ ಮೂತಿ ಅಡ್ಡ, ಕೆಳಗಿನವನಿಗೆ ತಲೆಯ ಮೇಲಿನ ರೆಕ್ಕೆ ಅಡ್ಡ. ಇಬ್ಬರನ್ನೂ ಒಟ್ಟಿಗೆ ಕಾಣುತ್ತಿದ್ದವನು ನಾನೊಬ್ಬನೇ. ಬೋಯಿಂಗಿಗೆ ‘ಗೋ ಅರೌಂಡ್’, ಇಳಿಯದೆ ಮತ್ತೆ ಮೇಲೇಳು, ಅಂದೆ. ಧ್ವನಿ ನನ್ನದೇ ಅನ್ನಿಸಲಿಲ್ಲ. ಬೋಯಿಂಗ್ ಗುಡುಗಿ ಮೇಲೆದ್ದಿತು, ಟವರಿನ ಗಾಜು ನಡುಗಿತು.

ಹುಡುಗ ಇಳಿದು ಟವರಿನ ಮೇಲೆ ಬಂದಾಗ ಬಯ್ಯಬೇಕೆಂದು ಕಾದಿದ್ದೆ. ‘ಸರ್, ನೀವು ಎಡಕ್ಕೆ ಅಂದಿರಿ, ನಾನು ಎಡಕ್ಕೇ ಬಂದೆ’ ಅಂದ. ಸುಳ್ಳಲ್ಲ. ಕೆರೆಯಿಂದ ಎಡಕ್ಕೆ ಹೊರಳಿದರೆ ರನ್‌ವೇ.

ಆಮೇಲೆ ಓದುತ್ತ ಹೋದಂತೆ ಇದು ಹಳೆಯ ಕಥೆ ಅಂತ ಗೊತ್ತಾಯಿತು. 1978ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಬೋಯಿಂಗ್ 727 ಒಂದು ಹೀಗೆಯೇ ಹಿಂದಿನಿಂದ ಸೆಸ್ನಾ ಮೇಲೆ ಇಳಿದಿತ್ತು. ಪೈಲಟ್‌ಗಳು ಸಣ್ಣದನ್ನು ಮೊದಲು ಕಂಡಿದ್ದರು, ಆಮೇಲೆ ಕಾಣದಾಗಿ, ದಾಟಿಹೋಗಿರಬೇಕು ಅಂದುಕೊಂಡರು. 144 ಮಂದಿ ಹೋದರು. 1986ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್‌ನಲ್ಲಿ ಪುಟ್ಟ ಪೈಪರ್ ಒಂದು ಡಿಸಿ-9ರ ಬಾಲಕ್ಕೆ ಬಡಿದು 82 ಮಂದಿ ಸತ್ತ ಮೇಲೆಯೇ ಅಮೆರಿಕ ಎಚ್ಚರಿಕೆಯ ಯಂತ್ರ ಟಿಕ್ಯಾಸ್ ಅನ್ನು ಕಡ್ಡಾಯ ಮಾಡಿದ್ದು. ನಮಗೆ ಬುದ್ಧಿ ಬರಲು 1996ರ ನವೆಂಬರ್ 12ರ ಸಂಜೆ ಚರ್ಖಿ ದಾದ್ರಿಯಲ್ಲಿ 349 ಜನ ಸಾಯಬೇಕಾಯಿತು. ಅಂದು ಎರಡೂ ದೊಡ್ಡ ವಿಮಾನಗಳೇ. ದೆಹಲಿಯ ರಾಡಾರ್ ಚುಕ್ಕೆ ತೋರಿಸುತ್ತಿತ್ತು, ಎತ್ತರ ತೋರಿಸುತ್ತಿರಲಿಲ್ಲ. 15 ಸಾವಿರ ಅಡಿಯಲ್ಲಿ ನಿಲ್ಲಬೇಕಿದ್ದ ಕಜಕ್ ವಿಮಾನ ಇನ್ನೂ ಇಳಿದು, 14 ಸಾವಿರದಲ್ಲಿದ್ದ ಸೌದಿ ವಿಮಾನಕ್ಕೆ ಬಡಿಯಿತು.

ಟಿಕ್ಯಾಸ್‌ಗೂ ಒಂದು ಮಿತಿಯಿದೆ, ಜನ ಮರೆಯುತ್ತಾರೆ. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಉತ್ತರ ಕೊಟ್ಟರೆ ಮಾತ್ರ ಅದು ಬಾಯಿ ಬಿಡುತ್ತದೆ. ಟ್ರಾನ್ಸ್‌ಪಾಂಡರ್ ಇಲ್ಲದ ಸಣ್ಣ ವಿಮಾನ ಅದರ ಪಾಲಿಗೆ ಇಲ್ಲವೇ ಇಲ್ಲ.

ಅದಕ್ಕೇ ಬೆಂಗಳೂರಿನ ಉತ್ತರದ ಆಕಾಶ ನೆನೆದರೆ ಅಲ್ಲಿ ಕೂತವರ ಬಗ್ಗೆ ಗೌರವ. ಮಹಾರಾಜ ಜಯಚಾಮರಾಜ ಒಡೆಯರ್ ಕೊಟ್ಟ ನೆಲದಲ್ಲಿ ಜಕ್ಕೂರಿನ ಹಾರಾಟ ಶಾಲೆ, ಪಕ್ಕದಲ್ಲೇ ಯಲಹಂಕದ ವಾಯುನೆಲೆ, ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ 2008ರ ಮೇನಲ್ಲಿ ಶುರುವಾದ ದೇವನಹಳ್ಳಿ ನಿಲ್ದಾಣ. ಕಲಿಯುವವ, ಯುದ್ಧ ಮಾಡುವವ, ಸಂಬಳಕ್ಕೆ ಹಾರಿಸುವವ, ಮೂವರಿಗೂ ಒಂದೇ ಸೂರು. ಯಲಹಂಕದ ಏರ್ ಶೋ ಬಂದರೆ ದೇವನಹಳ್ಳಿಯಲ್ಲಿ ಗಂಟೆಗಟ್ಟಲೆ ಹಾರಾಟ ನಿಲ್ಲಿಸುವುದಕ್ಕೆ ಪ್ರಯಾಣಿಕರು ಗೊಣಗುತ್ತಾರೆ. ಗೊಣಗಲಿ.

ದೊಡ್ಡವರೂ ತಪ್ಪುತ್ತಾರೆ. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಹೈದರಾಬಾದಿಗೂ ಕೊಚ್ಚಿಗೂ ಹೊರಟಿದ್ದ ಎರಡು ಇಂಡಿಗೋ ವಿಮಾನಗಳ ನಡುವೆ ಉಳಿದದ್ದು 200 ಅಡಿ ಎತ್ತರ. ಯಂತ್ರ ಕೂಗಿತು, 328 ಪ್ರಯಾಣಿಕರು ಉಳಿದರು. ದೇವನಹಳ್ಳಿಯ 2022ರ ಜನವರಿಯದು ಇನ್ನೂ ವಿಚಿತ್ರ. ದಕ್ಷಿಣದ ರನ್‌ವೇ ಮುಚ್ಚುವ ತೀರ್ಮಾನ ಆ ಬದಿಯ ಟವರಿಗೆ ತಲುಪಲೇ ಇಲ್ಲ. ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನ ಒಟ್ಟಿಗೆ ಎದ್ದವು, ಒಂದೇ ದಿಕ್ಕಿಗೆ. ರಾಡಾರ್ ಮುಂದಿದ್ದ ಕಂಟ್ರೋಲರ್ ನೋಡಿ ದಿಕ್ಕು ಬೇರೆ ಮಾಡಿದರು. ಒಳಗಿದ್ದವರು 426 ಮಂದಿ. ಲಾಗ್‌ಬುಕ್ಕಿನಲ್ಲಿ ಒಂದು ಸಾಲೂ ಇರಲಿಲ್ಲ ಎಂದು ಪತ್ರಿಕೆಯಲ್ಲಿ ಓದಿದಾಗ, ವಿಮಾನಗಳು ಹತ್ತಿರ ಬಂದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಕಾಡಿತು.

ನನಗೂ ಸೆಸ್ನಾದ ಆ ಸಂಜೆ ಹಿರಿಯರೊಬ್ಬರು ‘ಏನೂ ಆಗಲಿಲ್ಲವಲ್ಲ, ಬರೀಲೇಬೇಕಾ?’ ಅಂದಿದ್ದರು. ಲಾಗ್‌ನಲ್ಲಿ ಗ್ರೀನಿಚ್ ವೇಳೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 12:12, ಬೋಯಿಂಗ್ ಗೋ ಅರೌಂಡ್, ಮುಂದೆ ಸೆಸ್ನಾ, ಕಂಟ್ರೋಲರ್ ತಿರುಗಿ ಹೇಳಿಸಲಿಲ್ಲ. ಕೊನೆಯ ಮೂರು ಪದ ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ಹುಡುಗ ಪಕ್ಕದಲ್ಲಿ ನಿಂತು ಓದುತ್ತಿದ್ದ. ಸೆಸ್ನಾದ ಸ್ಟ್ರಿಪ್ ಇನ್ನೂ ನೆಟ್ಟಗೇ ಇತ್ತು.