ಯಂತ್ರದ ಹೆಜ್ಜೆಗುರುತು ಓದುವ ವಿದ್ಯೆ

ಬ್ಯಾಂಕಿನ ಕೌಂಟರಿನ ಮುಂದೆ ಕಾದು ನಿಂತವರಿಗೆ ಒಳಗಿನಿಂದ ಬರುವ ಉತ್ತರ ಒಂದೇ: ‘ಸಿಸ್ಟಂ ಸ್ಲೋ ಇದೆ, ಸ್ವಲ್ಪ ತಡೀರಿ.’ ಯಾಕೆ ನಿಧಾನ, ಎಲ್ಲಿ ನಿಧಾನ ಎಂದು ಕೇಳಿದರೆ ಕೌಂಟರಿನಲ್ಲಿ ಕುಳಿತವರಿಗೂ ಗೊತ್ತಿರುವುದಿಲ್ಲ. ಅದು ಅವರ ತಪ್ಪೇನೂ ಅಲ್ಲ. ಸೆಕೆಂಡಿಗೆ ನೂರಾರು ಕೋಟಿ ಆಜ್ಞೆಗಳನ್ನು ನೆರವೇರಿಸುವ ಯಂತ್ರವೊಂದು ಯಾವ ಕ್ಷಣದಲ್ಲಿ ಯಾವ ಹಾದಿ ಹಿಡಿಯಿತು ಎಂಬುದು ಅದಕ್ಕೆ ಪ್ರೋಗ್ರಾಂ ಬರೆದವರಿಗೂ ಸುಲಭವಾಗಿ ಕಾಣುವಂಥದ್ದಲ್ಲ. ಗಡಿಯಾರದ ಬೆನ್ನು ತೆಗೆದರೆ ಚಕ್ರಗಳು ತಿರುಗುವುದು ಕಾಣುತ್ತದೆ. ಕಂಪ್ಯೂಟರಿನ ಮುಚ್ಚಳ ತೆಗೆದರೆ ಕಾಣುವುದು ಕೆಲವು ಕಪ್ಪು ಚೌಕಗಳು, ಒಂದು ಫ್ಯಾನು, ಅಷ್ಟೆ.

ಕಂಪ್ಯೂಟರನ್ನು ಕಟ್ಟಿದವರ ಚರಿತ್ರೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಓಡುತ್ತಿರುವ ಕಂಪ್ಯೂಟರನ್ನು ನಿಂತು ನೋಡಲು ಹೆಣಗಿದವರ ಚರಿತ್ರೆ ಅಷ್ಟು ಪ್ರಸಿದ್ಧವಲ್ಲ. ಮುಕ್ಕಾಲು ಶತಮಾನದ ಈ ಕಥೆಯಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ನೋಡುವುದಕ್ಕೆ ತೆರಬೇಕಾದ ಬೆಲೆ ಎಷ್ಟು? ನೋಡಿದ್ದನ್ನು ಓದಿ ಅರ್ಥ ಮಾಡಿಕೊಳ್ಳುವ ವಿದ್ಯೆ ಯಾರ ಕೈಯಲ್ಲಿದೆ?

ಮೆಟ್ಟಿಲ ಮೇಲಿನ ಅರಿವು

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ‘ಎಡ್ಸ್ಯಾಕ್’ ಎಂಬ ಕಂಪ್ಯೂಟರ್ ಮೊದಲ ಬಾರಿಗೆ ಲೆಕ್ಕ ಮಾಡಿದ್ದು 1949ರ ಮೇ 6ರಂದು. ಕೆಲವೇ ವಾರಗಳಲ್ಲಿ ವಿಲ್ಕ್ಸ್ ಗಣಿತದ ಸಮೀಕರಣವೊಂದನ್ನು ಬಿಡಿಸುವ ಪ್ರೋಗ್ರಾಂ ಬರೆಯಲು ಕುಳಿತರು. ಅದು 126 ಸಾಲುಗಳ ಪುಟ್ಟ ಪ್ರೋಗ್ರಾಂ. ಆದರೂ ಸರಿಯಾಗಿ ಓಡಲೊಲ್ಲದು. ಅದರ ರಂಧ್ರ ಹೊಡೆದ ಕಾಗದದ ಪಟ್ಟಿಯೊಂದು ದಶಕಗಳ ಬಳಿಕ ಸಿಕ್ಕಿತು. ಪರಿಶೀಲಿಸಿದಾಗ ಅದರಲ್ಲಿ ಇಪ್ಪತ್ತರಷ್ಟು ತಪ್ಪುಗಳು ಕಂಡವು. ಯಂತ್ರದ ಕೋಣೆಗೂ ಪಟ್ಟಿಗೆ ರಂಧ್ರ ಹೊಡೆಯುವ ಕೋಣೆಗೂ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ, ತಮ್ಮ ಉಳಿದ ಆಯುಷ್ಯದ ಬಹುಪಾಲು ತಾವೇ ಬರೆದ ಪ್ರೋಗ್ರಾಂಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂಬ ಅರಿವು ತಮಗೆ ಥಟ್ಟನೆ ಮೂಡಿತೆಂದು ವಿಲ್ಕ್ಸ್ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಅದೇ ಪ್ರಯೋಗಾಲಯದ ತರುಣ ಸ್ಟ್ಯಾನ್ಲಿ ಗಿಲ್ 1951ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಪ್ರೋಗ್ರಾಂ ತನ್ನಷ್ಟಕ್ಕೆ ಓಡುವ ಬದಲು ಇನ್ನೊಂದು ಕಾವಲು ಪ್ರೋಗ್ರಾಂನ ಅಧೀನದಲ್ಲಿ ಓಡಬೇಕು. ಕಾವಲುಗಾರ ಒಂದೊಂದೇ ಆಜ್ಞೆಯನ್ನು ಎತ್ತಿಕೊಂಡು ನೆರವೇರಿಸಿ, ಅದು ಯಾವ ಆಜ್ಞೆ ಎಂಬುದನ್ನು ಒಂದಕ್ಷರದಲ್ಲಿ ಮುದ್ರಿಸುತ್ತಾನೆ. ಕೊನೆಗೆ ಕೈಗೆ ಸಿಗುವ ಅಕ್ಷರಗಳ ಸಾಲೇ ಯಂತ್ರ ನಡೆದ ಹಾದಿಯ ಹೆಜ್ಜೆಗುರುತು. ಇಂದು ‘ಟ್ರೇಸಿಂಗ್’ ಎಂದು ಕರೆಯುವ ವಿದ್ಯೆಯ ಆರಂಭಗಳಲ್ಲಿ ಇದೂ ಒಂದು.

ಆದರೆ ಬೆಲೆ? ಎಡ್ಸ್ಯಾಕ್ ಸೆಕೆಂಡಿಗೆ ಸುಮಾರು 650 ಆಜ್ಞೆಗಳನ್ನು ನೆರವೇರಿಸುತ್ತಿತ್ತು. ಅದರ ಮುದ್ರಣ ಯಂತ್ರ ಸೆಕೆಂಡಿಗೆ ಆರೇಳು ಅಕ್ಷರಗಳನ್ನಷ್ಟೇ ಹೊಡೆಯಬಲ್ಲದಾಗಿತ್ತು. ಅಂದರೆ ಹೆಜ್ಜೆಗುರುತು ಬೇಕೆಂದರೆ ಯಂತ್ರ ನೂರು ಪಟ್ಟು ನಿಧಾನವಾಗಿ ನಡೆಯಬೇಕು. ಈ ‘ನೂರು ಪಟ್ಟು’ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಕೇಂಬ್ರಿಜ್ ಗುಂಪು ಇನ್ನೊಂದು ಕೆಲಸವನ್ನೂ ಮಾಡಿತು. ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಗಿಲ್ ಸೇರಿ, ತಮ್ಮ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ಹೇಗೆ, ತಪ್ಪು ಹುಡುಕುವುದು ಹೇಗೆ ಎಂಬುದನ್ನೆಲ್ಲ ಪುಸ್ತಕವಾಗಿ ಬರೆದು 1951ರಲ್ಲೇ ಪ್ರಕಟಿಸಿದರು. ಪ್ರೋಗ್ರಾಂ ರಚನೆಯ ಮೊದಲ ಪುಸ್ತಕವೆಂದು ಅದು ಹೆಸರಾಗಿದೆ. ಯಂತ್ರ ಕಟ್ಟಿದವರೇ ಅದರ ಗುಟ್ಟನ್ನು ಲೋಕಕ್ಕೆ ಬಿಚ್ಚಿಟ್ಟರು.

ಇಣುಕಿ ನೋಡುವ ಉಪಾಯ

ಯಂತ್ರಗಳ ವೇಗ ಹೆಚ್ಚಿದಂತೆ ಪ್ರತಿ ಹೆಜ್ಜೆಯನ್ನೂ ಬರೆದಿಡುವುದು ಅಸಾಧ್ಯವೆನಿಸಿತು. ಆಗ ಬಳಕೆಗೆ ಬಂದದ್ದು ಇಣುಕಿ ನೋಡುವ ಉಪಾಯ. ಮದುವೆ ಮನೆಯ ಅಡುಗೆ ಕೋಣೆಗೆ ಹತ್ತು ನಿಮಿಷಕ್ಕೊಮ್ಮೆ ಇಣುಕುವ ಯಜಮಾನ, ಇಣುಕಿದಾಗಲೆಲ್ಲ ಕಾಯಿ ತುರಿಯುವುದೇ ಕಂಡರೆ, ಹೊತ್ತು ಹೋಗುತ್ತಿರುವುದು ಅಲ್ಲೇ ಎಂದು ತಿಳಿಯುತ್ತಾನೆ. ಕಂಪ್ಯೂಟರಿನಲ್ಲೂ ಹಾಗೆಯೇ. ಓಟದ ನಡುವೆ ನಿಯಮಿತವಾಗಿ ತಡೆದು, ಈಗ ಯಾವ ಸಾಲಿನಲ್ಲಿದ್ದೀಯೆ ಎಂದು ಕೇಳಿ ಗುರುತು ಹಾಕಿಕೊಂಡರೆ ಸಮಯದ ಲೆಕ್ಕ ಸಿಗುತ್ತದೆ.

ಅಮೆರಿಕದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ 1971ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಥ ಲೆಕ್ಕದ ಬೆಲೆಯನ್ನು ತೋರಿಸಿಕೊಟ್ಟಿತು. ಅವರು ನೋಡಿದ ಫೋರ್ಟ್ರಾನ್ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ಶೇಕಡ 4ಕ್ಕೂ ಕಡಿಮೆ ಭಾಗವೇ ಅರ್ಧಕ್ಕಿಂತ ಹೆಚ್ಚು ಸಮಯವನ್ನು ನುಂಗುತ್ತಿತ್ತು. ಆ ನಾಲ್ಕು ಭಾಗ ಯಾವುದೆಂದು ತಿಳಿದವನಿಗೆ ಉಳಿದ ತೊಂಬತ್ತಾರನ್ನು ತಿದ್ದುವ ಶ್ರಮವಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಿದ್ಧವಾದ ‘ಜಿಪ್ರೊಫ್’ ಎಂಬ ಸಾಧನ ಈ ವಿದ್ಯೆಯನ್ನು ಸಾಮಾನ್ಯ ಪ್ರೋಗ್ರಾಮರ್‌ಗಳಿಗೂ ಮುಟ್ಟಿಸಿತು.

ಆದರೆ ಇಣುಕುವುದಕ್ಕೆ ಒಂದು ಮಿತಿಯಿದೆ. ಹೊತ್ತೆಲ್ಲ ಎಲ್ಲಿ ಹೋಯಿತೆಂದು ಅದು ಹೇಳಬಲ್ಲದು. ಒಮ್ಮೆ ಮಾತ್ರ ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು ಯಾವ ಗಳಿಗೆಯಲ್ಲಿ, ಯಾರ ಕೈಯಿಂದ ಎಂದು ಹೇಳಲಾರದು. ದಿನಕ್ಕೆ ಲಕ್ಷ ಸಲ ಸರಿಯಾಗಿ ನಡೆದು ಒಂದು ಸಲ ಮಾತ್ರ ತಡವರಿಸುವ ಯಂತ್ರದ ರೋಗ ಸರಾಸರಿಯಲ್ಲಿ ಕಾಣುವುದಿಲ್ಲ.

ಗುಟ್ಟಿನ ಪುಟಗಳು

ಹೊರಗಿನಿಂದ ತಡೆದು ಕೇಳುವ ಬದಲು, ಲೆಕ್ಕವಿಡುವ ಕೆಲಸವನ್ನು ಚಿಪ್ಪಿಗೇ ಒಪ್ಪಿಸಿದರೆ? ಇಂಟೆಲ್ ಸಂಸ್ಥೆ 1993ರಲ್ಲಿ ಹೊರತಂದ ಪೆಂಟಿಯಂ ಚಿಪ್ಪಿನೊಳಗೆ ಇಂಥ ಎರಡು ಎಣಿಕೆ ಯಂತ್ರಗಳಿದ್ದವು. ಎಷ್ಟು ಸಲ ನೆನಪಿನಲ್ಲಿ ಹುಡುಕಿದ್ದು ಕೈಗೆ ಸಿಗಲಿಲ್ಲ, ಎಷ್ಟು ಸಲ ಕವಲು ದಾರಿಯಲ್ಲಿ ಊಹೆ ತಪ್ಪಿತು ಎಂಬಂಥ ವಿವರಗಳನ್ನು ಅವು ಓಟಕ್ಕೆ ತಡೆಯಿಲ್ಲದೆ ಎಣಿಸುತ್ತಿದ್ದವು.

ವಿಚಿತ್ರವೆಂದರೆ ಅವುಗಳನ್ನು ಬಳಸುವ ಕ್ರಮವನ್ನು ಸಂಸ್ಥೆ ಎಲ್ಲರಿಗೂ ಹೇಳಿರಲಿಲ್ಲ. ಪೆಂಟಿಯಂನ ಕೈಪಿಡಿಯಲ್ಲಿ ಅನೇಕ ಕಡೆ ‘ಅನುಬಂಧ ಎಚ್ ನೋಡಿ’ ಎಂದಿತ್ತು. ಆ ಅನುಬಂಧ ಮಾತ್ರ ಗುಟ್ಟು ಕಾಪಾಡುವ ಕರಾರಿಗೆ ಸಹಿ ಹಾಕಿದವರಿಗಷ್ಟೇ ಸಿಗುತ್ತಿತ್ತು. ನಾರ್ವೆಯ ಪ್ರೋಗ್ರಾಮರ್ ಟೆರ್ಯೆ ಮಾಥಿಸೆನ್ ಚಿಪ್ಪನ್ನೇ ಪ್ರಶ್ನಿಸಿ ಪ್ರಶ್ನಿಸಿ ಆ ಎಣಿಕೆಗಳ ಮರ್ಮವನ್ನು ಕಂಡುಹಿಡಿದು 1994ರ ಜುಲೈ ತಿಂಗಳ ‘ಬೈಟ್’ ಪತ್ರಿಕೆಯಲ್ಲಿ ಬರೆದರು. ಹಣ ಕೊಟ್ಟು ಕೊಂಡ ಚಿಪ್ಪಿನೊಳಗೇ ಇದ್ದ ಅಳತೆಗೋಲು, ಅದನ್ನು ಓದುವ ವಿಧಾನ ಅಚ್ಚಾಗುವವರೆಗೂ ಸಾಮಾನ್ಯ ಪ್ರೋಗ್ರಾಮರನ ಪಾಲಿಗೆ ಇಲ್ಲದಂತೆಯೇ ಇತ್ತು! ಮುಂದೆ 1995ರ ಪೆಂಟಿಯಂ ಪ್ರೋ ಬಂದಾಗ ಈ ವಿವರಗಳು ಎಲ್ಲರಿಗೂ ತೆರೆದ ಕೈಪಿಡಿಯಲ್ಲೇ ಅಚ್ಚಾದವು.

ಅಷ್ಟರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಬೆಳೆಯುತ್ತಿತ್ತು. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಎಲ್ಲ ಕೆಲಸವನ್ನೂ ಹಂಚುವ ಮೇಸ್ತ್ರಿ ಅದು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಓಡುತ್ತಿರುವ ಕರ್ನೆಲ್‌ನಲ್ಲಿ ಬೇಕಾದೆಡೆ ಒಂದು ಕೊಕ್ಕೆ ಸಿಕ್ಕಿಸಿ ಒಳಗಿನ ಸ್ಥಿತಿ ನೋಡುವ ‘ಕೆಪ್ರೋಬ್ಸ್’ ಎಂಬ ಸೌಲಭ್ಯ 2004ರಲ್ಲಿ ಸೇರಿತು. ಅದನ್ನು ಬೆಳೆಸಿದವರಲ್ಲಿ ಐಬಿಎಂ ಸಂಸ್ಥೆಯ ಬೆಂಗಳೂರು ಕೇಂದ್ರದ ಎಂಜಿನಿಯರ್‌ಗಳೂ ಇದ್ದರು ಎಂಬುದು ನಮಗೆ ಹತ್ತಿರದ ಸಂಗತಿ. 2009ರಲ್ಲಿ ಥಾಮಸ್ ಗ್ಲೈಕ್ಸ್ನರ್ ಮತ್ತು ಇಂಗೋ ಮೋಲ್ನಾರ್ ಅವರ ಮುಂದಾಳುತನದಲ್ಲಿ, ಚಿಪ್ಪಿನ ಎಣಿಕೆಗಳನ್ನು ಓದುವ ವ್ಯವಸ್ಥೆ ಕರ್ನೆಲ್‌ನ ಭಾಗವೇ ಆಯಿತು. ಅದರ ಜೊತೆಗೆ ಬಂದ ಸಾಧನದ ಹೆಸರು ‘ಪರ್ಫ್’.

ಕವಲುಗಳ ಲೆಕ್ಕ

ಎಣಿಕೆ ಆಯಿತು, ಇಣುಕುವುದೂ ಆಯಿತು. ಗಿಲ್ ಬಯಸಿದ ಪೂರ್ತಿ ಹೆಜ್ಜೆಗುರುತು ಮಾತ್ರ ದುಬಾರಿಯಾಗಿಯೇ ಉಳಿದಿತ್ತು. 2000ದಲ್ಲಿ ಬಂದ ಪೆಂಟಿಯಂ 4 ಪ್ರತಿ ಕವಲಿನಲ್ಲೂ ಎಲ್ಲಿಂದ ಎಲ್ಲಿಗೆ ಹಾರಿತು ಎಂಬುದನ್ನು ಬರೆದಿಡಬಲ್ಲದಾಗಿತ್ತು. ಆದರೆ ಈ ವಿಧಾನಕ್ಕೆ 64 ಬಿಟ್ ಯಂತ್ರಗಳಲ್ಲಿ ಒಂದೊಂದು ಕವಲಿಗೂ 24 ಬೈಟು, ಅಂದರೆ 192 ಬಿಟ್ಟುಗಳ ಜಾಗ ಬೇಕು. ಓಡುವವನು ಹೆಜ್ಜೆಹೆಜ್ಜೆಗೂ ನಿಂತು ದಿನಚರಿ ಬರೆದಂತೆ. ಯಂತ್ರ ಬಹಳ ನಿಧಾನವಾಗುತ್ತಿತ್ತು.

ಇಂಟೆಲ್ 2013ರಲ್ಲಿ ವಿವರ ಪ್ರಕಟಿಸಿ, ಮುಂದಿನ ‘ಬ್ರಾಡ್‌ವೆಲ್’ ಪೀಳಿಗೆಯ ಚಿಪ್ಪುಗಳಲ್ಲಿ ಅಳವಡಿಸಿದ ‘ಪ್ರೊಸೆಸರ್ ಟ್ರೇಸ್’ ಈ ಸಮಸ್ಯೆಯನ್ನು ಜಾಣತನದಿಂದ ಬಿಡಿಸಿತು. ಹೊಸ ಊರಿಗೆ ಹೋದವನು ತಾನು ನಡೆದ ದಾರಿಯನ್ನು ನೆನಪಿಡಬೇಕೆಂದುಕೊಳ್ಳಿ. ಬೀದಿಯ ಹೆಸರು, ಅಂಗಡಿಯ ಹೆಸರು ಎಲ್ಲ ಬರೆಯಬೇಕಾಗಿಲ್ಲ. ಆ ಊರಿನ ನಕ್ಷೆ ಮನೆಯಲ್ಲಿದ್ದರೆ, ಹೊರಟ ಸ್ಥಳವನ್ನು ಗುರುತಿಸಿಕೊಂಡು, ಪ್ರತಿ ಕವಲಿನಲ್ಲಿ ‘ಎಡ’ ಅಥವಾ ‘ಬಲ’ ಎಂದಷ್ಟೇ ಬರೆದುಕೊಂಡರೆ ಸಾಕು. ನೇರ ರಸ್ತೆಗೆ ಏನನ್ನೂ ಬರೆಯುವುದು ಬೇಡ. ಮನೆಗೆ ಬಂದು ನಕ್ಷೆಯ ಮೇಲೆ ಬೆರಳಿಟ್ಟು ನಡೆದರೆ ಇಡೀ ಹಾದಿ ಸಿಗುತ್ತದೆ.

ಚಿಪ್ಪು ಮಾಡುವುದೂ ಇದನ್ನೇ. ‘ಹೌದಾದರೆ ಇತ್ತ, ಅಲ್ಲವಾದರೆ ಅತ್ತ’ ಎಂಬ ಕವಲು ಬಂದಾಗ ಒಂದೇ ಒಂದು ಬಿಟ್ಟನ್ನು ಬರೆಯುತ್ತದೆ. ಇಂಥ ಆರು ಕವಲುಗಳ ಉತ್ತರ ಒಂದು ಬೈಟಿನೊಳಗೆ ಹಿಡಿಸುತ್ತದೆ. ಎಲ್ಲಿಗೆ ಹೋಗಬೇಕೆಂಬುದು ಓಟದ ಹೊತ್ತಿನಲ್ಲೇ ನಿರ್ಧಾರವಾಗುವ ಜಿಗಿತಗಳಿಗೆ ಮಾತ್ರ ವಿಳಾಸ, ನಡುನಡುವೆ ಸಮಯದ ಗುರುತು. ಇಷ್ಟೇ. ಇದನ್ನು ದಾಖಲಿಸುವ ಸೌಲಭ್ಯ 2015ರ ಜೂನ್‌ನಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿತು. ಓದುವ ಸೌಲಭ್ಯ ಅದೇ ವರ್ಷದ ಕೊನೆಯ ಹೊತ್ತಿಗೆ ಪರ್ಫ್‌ಗೆ ಬಂತು. ಮೊಬೈಲ್ ಫೋನುಗಳಲ್ಲಿರುವ ಆರ್ಮ್ ವರ್ಗದ ಚಿಪ್ಪುಗಳಿಗೂ ಇಂಥದೇ ವ್ಯವಸ್ಥೆಯಿದ್ದು, ಅದನ್ನೂ ಪರ್ಫ್ ಓದಬಲ್ಲದು.

ಕೈಪಿಡಿಯ ಕೆಲಸ

ಈಗ ಎರಡನೆಯ ಪ್ರಶ್ನೆ. ಎಡ, ಬಲ, ಬಲ, ಎಡ ಎಂಬ ಕೋಟ್ಯಂತರ ಗುರುತುಗಳನ್ನು ಎದುರಿಗೆ ಸುರಿದರೆ ಯಾರಿಗೆ ಏನು ತಿಳಿದೀತು? ಲಿನಕ್ಸ್ ಕರ್ನೆಲ್‌ನ ಮೂಲ ಬರಹದ ಜೊತೆಯಲ್ಲೇ, ಪರ್ಫ್ ಮೂಲಕ ಈ ಟ್ರೇಸನ್ನು ಬಳಸುವ ಬಗೆಯನ್ನು ವಿವರಿಸುವ ಒಂದು ಕಡತವಿದೆ. ಮೊದಲು ಸಾದಾ ಪಠ್ಯವಾಗಿದ್ದ ಅದು 2020ರಲ್ಲಿ, ಪರದೆಯ ಮೇಲೆ ಕರೆದೊಡನೆ ತೆರೆದುಕೊಳ್ಳುವ ಕೈಪಿಡಿಯ ಪುಟವಾಯಿತು. ಗುಟ್ಟಿನ ಅನುಬಂಧದ ಕಾಲದಿಂದ ಇಲ್ಲಿಗೆ ಬಂದ ದೂರವನ್ನು ಅಳೆಯಲು ಆ ಕಡತವನ್ನೊಮ್ಮೆ ಓದಬೇಕು.

ಅದು ತನ್ನ ಸಾಧನವನ್ನು ಹೊಗಳಿ ಸುಮ್ಮನಾಗುವುದಿಲ್ಲ. ಹಾದಿಯನ್ನು ತಪ್ಪಿಲ್ಲದೆ ತಿಳಿಯಬಹುದು ಎಂದು ಹೇಳಿದ ಬೆನ್ನಲ್ಲೇ ತೊಂದರೆಯನ್ನೂ ಹೇಳುತ್ತದೆ. ಚಿಪ್ಪಿನ ಒಂದೊಂದು ಗರ್ಭವೂ ಸೆಕೆಂಡಿಗೆ ನೂರಾರು ಮೆಗಾಬೈಟುಗಳ ಗುರುತು ಉಗುಳುತ್ತದೆ. ಅದನ್ನು ಬಿಡಿಸಿ ಓದಲು, ದಾಖಲಿಸಿದ ಹೊತ್ತಿನ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೊತ್ತು ಹಿಡಿಯಬಹುದು. ಒಂದು ಸೆಕೆಂಡಿನ ಓಟಕ್ಕೆ ಸುಮಾರು ಎರಡು ನಿಮಿಷದಿಂದ ಹದಿನೇಳು ನಿಮಿಷದ ಓದು! ಆದ್ದರಿಂದ ಸಣ್ಣದರಿಂದ ಶುರುಮಾಡಿ ಎಂಬುದು ಅದರ ಬುದ್ಧಿವಾದ. ಮೊದಲ ಉದಾಹರಣೆಯಾಗಿ ಅದು ಆರಿಸಿಕೊಂಡಿರುವುದೂ ಕಡತಗಳ ಪಟ್ಟಿ ತೋರಿಸುವ ‘ಎಲ್ಎಸ್’ ಎಂಬ ಪುಟ್ಟ ಪ್ರೋಗ್ರಾಂ.

ಗಿಲ್ ಅವರ ನೂರು ಪಟ್ಟು ಇಲ್ಲಿ ಮತ್ತೆ ಕಾಣಿಸಿಕೊಂಡಿತಲ್ಲ! ನೋಡುವ ಬೆಲೆಯ ಬಹುಪಾಲನ್ನು ಯಂತ್ರ ಓಡುವಾಗಲೇ ಕೊಡುವ ಕಾಲ ಹೋಗಿದೆ. ಅದನ್ನೀಗ ಓದುವಾಗ ಕೊಡುತ್ತೇವೆ. ಲಾಭ ಸಣ್ಣದಲ್ಲ: ನಿಜವಾದ ಗಿರಾಕಿಗಳ ಎದುರು ನಿಜವಾದ ಕೆಲಸ ಮಾಡುತ್ತಿರುವ ಯಂತ್ರವನ್ನು ಹೆಚ್ಚು ಕೆಡಿಸದೆ ನೋಡಬಹುದು. ಕೈಪಿಡಿಯಲ್ಲಿ ಇದಕ್ಕೊಂದು ಸೊಗಸಾದ ಕ್ರಮವಿದೆ. ವಿಮಾನದ ಕಪ್ಪು ಪೆಟ್ಟಿಗೆಯಂತೆ ಹಳೆಯ ಗುರುತಿನ ಮೇಲೆ ಹೊಸ ಗುರುತು ಬರೆಯುತ್ತಾ ಹೋಗಿ, ಎಡವಟ್ಟು ನಡೆದ ತಕ್ಷಣ ಕೊನೆಯ ತುಣುಕನ್ನಷ್ಟೇ ಎತ್ತಿಕೊಳ್ಳುವುದು. ಸರಾಸರಿಯಲ್ಲಿ ಕಾಣದ ಆ ಒಂದು ತಡವರಿಕೆ ಇಲ್ಲಿ ಸಿಕ್ಕಿಬೀಳುತ್ತದೆ. ಷೇರು ವ್ಯವಹಾರದ ಜೇನ್ ಸ್ಟ್ರೀಟ್ ಸಂಸ್ಥೆ 2022ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ‘ಮ್ಯಾಜಿಕ್ ಟ್ರೇಸ್’ ಈ ಉಪಾಯವನ್ನೇ ನೆಚ್ಚಿದೆ.

ಬರೆದಿಡದಿದ್ದರೆ ಯಾರಿಗೂ ಹೊಳೆಯದಂಥ ಸೂಕ್ಷ್ಮವೂ ಆ ಕಡತದಲ್ಲಿದೆ. ಕರ್ನೆಲ್ ಓಡುತ್ತಿರುವಾಗಲೇ ತನ್ನ ಕೆಲವು ಆಜ್ಞೆಗಳನ್ನು ತಾನೇ ಬದಲಿಸಿಕೊಳ್ಳುತ್ತದೆ. ಅಂದರೆ ಡಿಸ್ಕಿನಲ್ಲಿರುವ ನಕ್ಷೆಯೇ ಬೇರೆ, ನಡೆದ ಬೀದಿಯೇ ಬೇರೆ. ಹಳೆಯ ನಕ್ಷೆ ಹಿಡಿದರೆ ಎಡ ಬಲ ಎಲ್ಲ ತಪ್ಪಿ ಕೆರೆಗೆ ಬಿದ್ದಂತೆ. ಅದಕ್ಕಾಗಿ, ಗುರುತು ದಾಖಲಿಸುವ ಹೊತ್ತಿನಲ್ಲೇ ನೆನಪಿನಲ್ಲಿರುವ ಕರ್ನೆಲ್‌ನ ಪ್ರತಿಯನ್ನೂ ತೆಗೆದಿಟ್ಟುಕೊಳ್ಳುವ ಕ್ರಮವನ್ನು ಕೈಪಿಡಿ ಹೇಳಿಕೊಡುತ್ತದೆ.

ಕೌಂಟರಿನ ಹಿಂದಿನ ಯಂತ್ರ ಯಾಕೆ ನಿಧಾನ ಎಂಬ ಪ್ರಶ್ನೆಗೆ ಇಂದು ಹೆಜ್ಜೆಹೆಜ್ಜೆಯ ಉತ್ತರ ಪಡೆಯಲು ಸಾಧ್ಯವಿದೆ. ಅದಕ್ಕೆ ಚಿಪ್ಪಿನೊಳಗಿನ ಗುರುತು ಬೇಕು, ಆ ದಿನದ ನಕ್ಷೆ ಬೇಕು, ಎರಡನ್ನೂ ಹೊಂದಿಸುವ ವಿಧಾನವನ್ನು ಯಾರೋ ತಾಳ್ಮೆಯಿಂದ ಬರೆದಿಟ್ಟಿರಬೇಕು. ಮೂರರಲ್ಲಿ ಯಾವುದೊಂದು ತಪ್ಪಿದರೂ ಉಳಿದ ಎರಡು ಕೆಲಸಕ್ಕೆ ಬಾರವು. ನಮ್ಮ ಹಣ, ಆರೋಗ್ಯ, ಜಮೀನಿನ ದಾಖಲೆಗಳೆಲ್ಲ ಇಂಥ ಯಂತ್ರಗಳ ವಶದಲ್ಲಿರುವಾಗ, ಅವುಗಳ ಹೆಜ್ಜೆಗುರುತು ಓದುವ ವಿದ್ಯೆ ಕರಾರಿಗೆ ಸಹಿ ಹಾಕಿದವರಿಗಷ್ಟೇ ಸಿಗುವಂತಾಗಬಾರದು. 1951ರಲ್ಲಿ ಕೇಂಬ್ರಿಜ್‌ನ ಮೂವರು ಪುಸ್ತಕ ಬರೆದು ತೋರಿಸಿದ ದಾರಿ ಅದೇ.